ಸ್ನೇಹದ ಕಾದಂಬರಿಗೆ ವೈಯಕ್ತಿಕ ಸ್ಪಂದನೆ ಬರೆಯುವುದು ಹೇಗೆ: ‘ಆಫ್ ಮೈಸ್ ಅಂಡ್ ಮೆನ್’ ಮುಂದಿಟ್ಟುಕೊಂಡು ಒಂದು ಸಮಗ್ರ ಮಾರ್ಗದರ್ಶಿ

ಕಾದಂಬರಿ ಓದಿ ‘ನಿಮ್ಮ ವೈಯಕ್ತಿಕ ಸ್ಪಂದನೆ ಬರೆಯಿರಿ’ ಎಂದು ಕೇಳಿದಾಗ ಹೆಚ್ಚಿನ ವಿದ್ಯಾರ್ಥಿಗಳು ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿ, ಕಡೆಗೆ ‘ನನಗೆ ತುಂಬಾ ಇಷ್ಟವಾಯಿತು’ ಎಂದು ಸೇರಿಸುತ್ತಾರೆ. ಇನ್ನು ಕೆಲವರು ಕಾದಂಬರಿಯನ್ನು ಪಕ್ಕಕ್ಕಿಟ್ಟು ಸ್ನೇಹದ ಮಹತ್ವದ ಬಗ್ಗೆ ಭಾಷಣಕ್ಕೆ ತೊಡಗುತ್ತಾರೆ. ಮೊದಲನೆಯದರಲ್ಲಿ ಬರೆದವರು ಕಾಣುವುದಿಲ್ಲ, ಎರಡನೆಯದರಲ್ಲಿ ಪುಸ್ತಕ ಕಾಣುವುದಿಲ್ಲ. ಸ್ಪಂದನೆಗೆ ಎರಡೂ ಬೇಕು. ಓದುವಾಗ ನಿಮಗೆ ಏನೋ ಆಯಿತು: ಸಿಟ್ಟು, ಮುಜುಗರ, ಅನುಮಾನ, ಅಳು. ಅದು ಪುಸ್ತಕದ ಯಾವ ಜಾಗದಲ್ಲಿ ಆಯಿತು, ಆ ಜಾಗದಲ್ಲಿ ಲೇಖಕ ಏನು ಮಾಡಿದ್ದರಿಂದ ಆಯಿತು? ಈ ಎರಡು ಪ್ರಶ್ನೆಗಳಿಗೆ ಉತ್ತರ ಕೊಟ್ಟ ಬರಹವೇ ವೈಯಕ್ತಿಕ ಸ್ಪಂದನೆ. ನಿಮ್ಮ ಪ್ರತಿ ಭಾವನೆಗೂ ಒಂದು ಪುಟಸಂಖ್ಯೆ ಇರಬೇಕು. ಮುಂದಿನ ಎಲ್ಲ ಹಂತಗಳೂ ಈ ಒಂದು ನಿಯಮದಿಂದಲೇ ಹೊರಡುತ್ತವೆ.

ಉದಾಹರಣೆಗೆ ಜಾನ್ ಸ್ಟೈನ್‌ಬೆಕ್ 1937ರಲ್ಲಿ ಪ್ರಕಟಿಸಿದ ‘ಆಫ್ ಮೈಸ್ ಅಂಡ್ ಮೆನ್’ ತೆಗೆದುಕೊಂಡಿದ್ದೇವೆ. ಸ್ನೇಹದ ಬಗೆಗಿನ ಬೇರೆ ಯಾವ ಕಾದಂಬರಿಗೂ ಕ್ರಮ ಇದೇ. ಒಂದು ಎಚ್ಚರಿಕೆ: ಇಲ್ಲಿ ಕಥೆಯ ಕೊನೆಯನ್ನು ಮುಚ್ಚಿಟ್ಟಿಲ್ಲ. ಪುಸ್ತಕ ಇನ್ನೂ ಓದಿಲ್ಲದಿದ್ದರೆ ಮೊದಲು ಓದಿ ಬನ್ನಿ.

ಮೊದಲ ಹಂತ: ಪುಸ್ತಕದ ಅಳತೆ ತಿಳಿದುಕೊಳ್ಳಿ

ಇದು ಸಣ್ಣ ಕಾದಂಬರಿ, ಸುಮಾರು 30 ಸಾವಿರ ಪದ, ಆರು ಭಾಗ. ಮೂರು ಬೈಠಕ್ಕಿನಲ್ಲಿ, ಒಂದೊಂದಕ್ಕೆ ಎರಡು ಭಾಗದಂತೆ ಓದಿ ಮುಗಿಸಬಹುದು. ಎರಡು ಬೈಠಕ್ಕಿನ ನಡುವೆ ಒಂದು ದಿನಕ್ಕಿಂತ ಹೆಚ್ಚು ಬಿಡಬೇಡಿ. ಕಥೆಯೇ ಕೆಲವು ದಿನಗಳಲ್ಲಿ ನಡೆದು ಮುಗಿಯುತ್ತದೆ. ವಾರಗಟ್ಟಲೆ ಎಳೆದು ಓದಿದರೆ ಆ ಒತ್ತಡ ನಿಮಗೆ ತಟ್ಟುವುದೇ ಇಲ್ಲ.

ಹಿನ್ನೆಲೆ ಎಷ್ಟು ಬೇಕು? ಸ್ವಲ್ಪ ಸಾಕು. ಕಥೆ ನಡೆಯುವುದು ಕ್ಯಾಲಿಫೋರ್ನಿಯಾದ ಸಲೀನಸ್ ಕಣಿವೆಯಲ್ಲಿ, ಸೋಲೆಡಾಡ್ ಊರಿನ ಹತ್ತಿರ. 1929ರಲ್ಲಿ ಶುರುವಾದ ಆರ್ಥಿಕ ಮಹಾಕುಸಿತದ ಕಾಲ. ಕೂಲಿ ಹುಡುಕಿಕೊಂಡು ಗಂಡಸರು ಒಂಟಿಯಾಗಿ ಜಮೀನಿಂದ ಜಮೀನಿಗೆ ಅಲೆಯುತ್ತಿದ್ದರು. ಸ್ಟೈನ್‌ಬೆಕ್ ಹುಟ್ಟಿದ್ದು ಅದೇ ಸಲೀನಸ್‌ನಲ್ಲಿ, 1902ರಲ್ಲಿ. ಇಷ್ಟು ಗೊತ್ತಿದ್ದರೆ ಚುರುಕು ಬುದ್ಧಿಯ ಜಾರ್ಜ್ ಮತ್ತು ದೈತ್ಯ ದೇಹ, ಮಗುವಿನ ಬುದ್ಧಿಯ ಲೆನ್ನಿ ಎಂಬ ಇಬ್ಬರು ಗಂಡಸರು ಜೊತೆಯಾಗಿ ತಿರುಗುವುದನ್ನು ಕಂಡು ಜಮೀನಿನ ಯಜಮಾನ ಯಾಕೆ ಅನುಮಾನಪಡುತ್ತಾನೆ ಎಂಬುದು ಅರ್ಥವಾಗುತ್ತದೆ. ನಿಮ್ಮ ಬರಹದಲ್ಲಿ ಹಿನ್ನೆಲೆಗೆ ಎರಡು ಮೂರು ವಾಕ್ಯ ಮೀರಬಾರದು. ಲೇಖಕರ ಜೀವನಚರಿತ್ರೆಯಿಂದ ಶುರುವಾಗುವ ಸ್ಪಂದನೆ ಮೊದಲ ಪ್ಯಾರಾದಲ್ಲೇ ಸೋತಿರುತ್ತದೆ, ಏಕೆಂದರೆ ಅದನ್ನು ಪುಸ್ತಕ ಓದದವರೂ ಬರೆಯಬಲ್ಲರು.

ಸಿನಿಮಾ ನೋಡಿ ಬರೆಯಬೇಡಿ. ಈ ಕಾದಂಬರಿ ಆಧರಿಸಿ 1939ರಲ್ಲೂ 1992ರಲ್ಲೂ ಚಲನಚಿತ್ರ ಬಂದಿವೆ. 1992ರ ಚಿತ್ರದಲ್ಲಿ ಕೆಂಪು ಉಡುಪಿನ ಹುಡುಗಿ ಓಡುವುದನ್ನೂ ಗೆಳೆಯರಿಬ್ಬರು ವೀಡ್ ಊರಿನಿಂದ ತಪ್ಪಿಸಿಕೊಳ್ಳುವುದನ್ನೂ ಕಣ್ಣಾರೆ ತೋರಿಸುತ್ತಾರೆ. ಕಾದಂಬರಿಯಲ್ಲಿ ಆ ದೃಶ್ಯವಿಲ್ಲ. ಅದು ಮಾತಿನಲ್ಲಿ ಮಾತ್ರ ಬರುತ್ತದೆ. ಅದನ್ನು ‘ಕಾದಂಬರಿಯ ಮೊದಲ ದೃಶ್ಯ’ ಎಂದು ಬರೆದರೆ, ನೀವು ಪುಸ್ತಕ ತೆರೆದಿಲ್ಲ ಎಂಬುದು ಮೌಲ್ಯಮಾಪನ ಮಾಡುವವರಿಗೆ ಒಂದೇ ಸಾಲಿನಲ್ಲಿ ತಿಳಿಯುತ್ತದೆ.

ಎರಡನೇ ಹಂತ: ಮೊದಲ ಓದು, ಕೈಯಲ್ಲಿ ಪೆನ್ಸಿಲ್

ಮೊದಲ ಓದಿನಲ್ಲಿ ವಿಶ್ಲೇಷಣೆಗೆ ಕೈಹಾಕಬೇಡಿ. ಏನಾದರೂ ಅನಿಸಿದ ಜಾಗದಲ್ಲಿ ಅಂಚಿನಲ್ಲಿ ಒಂದು ಗೆರೆ ಎಳೆದು ಮುಂದೆ ಹೋಗಿ. ಗ್ರಂಥಾಲಯದ ಪ್ರತಿಯಾದರೆ ಸಣ್ಣ ಕಾಗದದ ಚೀಟಿ ಇಡಿ. ಪ್ರತಿ ಭಾಗ ಮುಗಿದ ಮೇಲೆ ಹತ್ತು ನಿಮಿಷ ನಿಂತು, ಗೆರೆ ಎಳೆದ ಜಾಗಗಳನ್ನು ನೋಟ್‌ಬುಕ್ಕಿಗೆ ಇಳಿಸಿ. ಪುಟವನ್ನು ಮೂರು ಕಾಲಂ ಮಾಡಿಕೊಳ್ಳಿ. ಮೊದಲನೆಯದರಲ್ಲಿ ಭಾಗ ಮತ್ತು ಪುಟಸಂಖ್ಯೆ. ಎರಡನೆಯದರಲ್ಲಿ ನಿಮಗೆ ಏನನಿಸಿತು ಎಂಬುದು ನಾಲ್ಕೈದು ಪದಗಳಲ್ಲಿ. ಮೂರನೆಯದನ್ನು ಈಗ ಖಾಲಿ ಬಿಡಿ.

ಎರಡನೇ ಕಾಲಂನಲ್ಲಿ ಪ್ರಾಮಾಣಿಕತೆ ಮುಖ್ಯ. ‘ಮನಮುಟ್ಟಿತು’, ‘ಹೃದಯಸ್ಪರ್ಶಿ’ ಇಂಥ ಪದಗಳು ಬಂದರೆ ಅಡ್ಡಗೆರೆ ಹೊಡೆದು ಮತ್ತೆ ಬರೆಯಿರಿ. ನಿಮ್ಮಲ್ಲಿ ನಿಜಕ್ಕೂ ಆದದ್ದು ಇನ್ನೂ ಒರಟಾಗಿರುತ್ತದೆ: ‘ಜಾರ್ಜ್ ಮೇಲೆ ಸಿಟ್ಟು ಬಂತು’, ‘ಲೆನ್ನಿ ಕಾಟ ತಾಳಲಾರದೆ ಹೋಯಿತು’, ‘ನಾಯಿ ವಿಷಯದಲ್ಲಿ ಯಾರೂ ಬಾಯಿ ಬಿಡಲಿಲ್ಲವಲ್ಲ’, ‘ಇಲ್ಲಿ ಬೇಜಾರಾಯಿತು, ಎರಡು ಪುಟ ಹಾರಿಸಿದೆ’. ಲೆನ್ನಿ ಬಗ್ಗೆ ಕಿರಿಕಿರಿ ಆಗುವುದು ತಪ್ಪೆಂದು ಹಲವರು ಅದನ್ನು ಮುಚ್ಚಿಡುತ್ತಾರೆ. ಜಾರ್ಜ್‌ಗೇ ಅವನ ಮೇಲೆ ಕಿರಿಕಿರಿ ಇದೆ. ಮೊದಲ ಭಾಗದಲ್ಲೇ ಅವನು ‘ನೀನಿಲ್ಲದಿದ್ದರೆ ನಾನೆಷ್ಟು ಸುಖವಾಗಿರುತ್ತಿದ್ದೆ’ ಎಂಬರ್ಥದಲ್ಲಿ ಕೂಗಾಡುತ್ತಾನೆ. ಲೆನ್ನಿ ಗುಡ್ಡಕ್ಕೆ ಹೋಗಿ ಗುಹೆಯಲ್ಲಿ ಇರುತ್ತೇನೆ ಎಂದಾಗ ನಾಚಿಕೊಳ್ಳುತ್ತಾನೆ. ಓದುಗರಿಗೆ ಕಿರಿಕಿರಿಯಾಗಿ, ಆಮೇಲೆ ಆ ಕಿರಿಕಿರಿಗೇ ನಾಚಿಕೆಯಾಗಲಿ ಎಂದೇ ಆ ದೃಶ್ಯ ಕಟ್ಟಿದಂತಿದೆ. ಕಿರಿಕಿರಿಯನ್ನು ಮುಚ್ಚಿಟ್ಟ ವಿದ್ಯಾರ್ಥಿಗೆ ಇದು ಕಾಣದೆ ಹೋಗುತ್ತದೆ.

ಆರು ಭಾಗಗಳಿಂದ ಒಟ್ಟು ಹದಿನೈದರಿಂದ ಇಪ್ಪತ್ತು ಗುರುತು ಸಿಕ್ಕರೆ ಸಾಕು. ಐವತ್ತಾದರೆ ನೀವು ಎಲ್ಲದಕ್ಕೂ ಗೆರೆ ಎಳೆಯುತ್ತಿದ್ದೀರಿ. ಐದೇ ಸಿಕ್ಕರೆ ಅವಸರದಲ್ಲಿ ಓದಿದ್ದೀರಿ.

ಮೂರನೇ ಹಂತ: ಮರು ಓದು, ಆಯ್ದ ಪುಟಗಳು ಮಾತ್ರ

ಬರಹದ ಗುಣಮಟ್ಟ ನಿರ್ಧಾರವಾಗುವುದು ಈ ಹಂತದಲ್ಲಿ. ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ನಿಮ್ಮ ಗುರುತುಗಳಲ್ಲಿ ಎಲ್ಲಕ್ಕಿಂತ ಬಲವಾದ ಐದನ್ನು ಆರಿಸಿ. ಒಂದೊಂದಕ್ಕೂ ಆ ಪುಟದ ಜೊತೆಗೆ ಹಿಂದಿನ ಎರಡು, ಮುಂದಿನ ಎರಡು ಪುಟ ನಿಧಾನವಾಗಿ ಓದಿ, ಖಾಲಿ ಬಿಟ್ಟ ಮೂರನೇ ಕಾಲಂ ತುಂಬಿ: ಅಲ್ಲಿ ಪುಟದ ಮೇಲೆ ನಿಜವಾಗಿ ಏನಿದೆ? ಯಾರು ಮಾತಾಡುತ್ತಾರೆ, ಯಾರು ಸುಮ್ಮನಿದ್ದಾರೆ, ಕೈ ಏನು ಮಾಡುತ್ತಿದೆ, ಯಾವ ಸದ್ದು ಕೇಳುತ್ತದೆ, ಯಾವುದು ಎರಡನೇ ಸಲ ಬರುತ್ತಿದೆ?

ಈ ಕಾದಂಬರಿಯಲ್ಲಿ ನಿರೂಪಕ ಪಾತ್ರಗಳ ಮನಸ್ಸಿನೊಳಗೆ ಹೋಗುವುದು ತೀರಾ ಅಪರೂಪ. ವೇದಿಕೆಯ ಮೇಲೆ ಆಡುವಂತೆಯೇ ಬರೆದ ಪುಸ್ತಕವಿದು. ಪ್ರಕಟವಾದ ವರ್ಷವೇ ನಾಟಕವಾಗಿಯೂ ರಂಗಕ್ಕೇರಿತು. ಹಾಗಾಗಿ ‘ಜಾರ್ಜ್‌ಗೆ ಅಪಾರ ದುಃಖವಾಯಿತು’ ಎಂದು ನೀವು ಬರೆದರೆ, ಅದನ್ನು ಪುಸ್ತಕ ಹೇಳಿದ್ದಲ್ಲ, ನೀವು ಊಹಿಸಿದ್ದು. ಪುಸ್ತಕ ತೋರಿಸುವುದು ಇಷ್ಟು: ಅರಿಯದೆ ಕೊಲೆ ಮಾಡಿಬಿಟ್ಟ ಲೆನ್ನಿಗೆ ತಾನೇ ಗುಂಡಿಕ್ಕಿದ ಮೇಲೆ ಜಾರ್ಜ್ ಹೊಳೆ ದಂಡೆಯ ಮೇಲೆ ಸೆಟೆದು ಕೂತು, ಪಿಸ್ತೂಲು ಎಸೆದ ತನ್ನ ಬಲಗೈಯನ್ನು ನೋಡಿಕೊಳ್ಳುತ್ತಾನೆ. ನಿಮ್ಮ ಮಾತು ಆ ಕೈಯಿಂದ ಶುರುವಾಗಬೇಕು.

ಮೂರನೇ ಭಾಗದಲ್ಲಿ, ಜಮೀನಿನ ವಯಸ್ಸಾದ ಕೆಲಸಗಾರ ಕ್ಯಾಂಡಿಯ ಮುದಿ ನಾಯಿಯನ್ನು ಕೊಲ್ಲುವ ರಾತ್ರಿಯನ್ನು ಹೀಗೆ ಓದಿ ನೋಡಿ. ಜೊತೆ ಕೆಲಸಗಾರ ಕಾರ್ಲ್‌ಸನ್ ನಾಯಿಯನ್ನು ಹೊರಗೆ ಕರೆದೊಯ್ಯುತ್ತಾನೆ. ಆಮೇಲೆ ಕೋಣೆಯಲ್ಲಿ ಉಳಿದವರು ಏನೇನೋ ಮಾತು ತೆಗೆಯುತ್ತಾರೆ, ಯಾವ ಮಾತೂ ಮುಂದುವರಿಯುವುದಿಲ್ಲ. ಮೌನ ಮತ್ತೆ ಮತ್ತೆ ಬರುತ್ತದೆ. ನೆಲದಡಿಯಿಂದ ಏನೋ ಕೊರೆಯುವ ಸಣ್ಣ ಸದ್ದು. ಜಾರ್ಜ್ ಕೈಯಲ್ಲಿ ಇಸ್ಪೀಟು. ಕ್ಯಾಂಡಿ ಸೂರು ನೋಡುತ್ತಾ ಮಲಗಿದ್ದಾನೆ. ಗುಂಡಿನ ಸದ್ದು ಕೇಳಿದ ಮೇಲೆ ನಿಧಾನ ಹೊರಳಿ ಗೋಡೆಗೆ ಮುಖ ಮಾಡುತ್ತಾನೆ. ನಾಯಿ ಸಾಯುವುದು ಪುಟದ ಮೇಲೆ ಇಲ್ಲವೇ ಇಲ್ಲ. ಇರುವುದು ಕಾಯುವಿಕೆ ಮಾತ್ರ. ನಿಮಗೆ ಹೊಟ್ಟೆ ಕಿವುಚಿದಂತಾಗಿದ್ದರೆ ಕಾರಣ ಆ ಕಾಯುವಿಕೆ. ಈಗ ಮೂರನೇ ಕಾಲಂನಲ್ಲಿ ಬರೆಯಲು ನಿಮ್ಮ ಬಳಿ ವಿಷಯವಿದೆ.

ಇನ್ನೊಂದು ಕೆಲಸವೂ ಇಲ್ಲೇ ಆಗಬೇಕು. ಪುಸ್ತಕದಲ್ಲಿ ಎರಡೆರಡು ಸಲ ಬರುವ ಸಂಗತಿಗಳನ್ನು ಪಕ್ಕಪಕ್ಕ ಇಡಿ. ಕಥೆ ಶುರುವಾಗುವುದೂ ಮುಗಿಯುವುದೂ ಹೊಳೆಯ ಅದೇ ಮಡುವಿನ ಬಳಿ. ಮೊದಲ ಭಾಗದಲ್ಲಿ ನೀರುಹಾವು ತನ್ನ ಪಾಡಿಗೆ ಈಜಿ ಹೋಗುತ್ತದೆ, ಕೊನೆಯ ಭಾಗದಲ್ಲಿ ಅಂಥದೇ ಹಾವನ್ನು ಕೊಕ್ಕರೆ ಕುಕ್ಕಿ ಎತ್ತುತ್ತದೆ. ಮೊದಲ ಭಾಗದ ಬೈಗುಳವನ್ನು ಕೊನೆಯಲ್ಲಿ ಲೆನ್ನಿಯೇ ಕೇಳಿ ಹೇಳಿಸಿಕೊಳ್ಳುತ್ತಾನೆ. ಜಾರ್ಜ್ ಅದನ್ನು ಜೀವವಿಲ್ಲದ ದನಿಯಲ್ಲಿ ಒಪ್ಪಿಸುತ್ತಾನೆ. ಕಾರ್ಲ್‌ಸನ್‌ನ ಲೂಗರ್ ಪಿಸ್ತೂಲು ನಾಯಿಗೂ ಬಳಕೆಯಾಗುತ್ತದೆ, ಲೆನ್ನಿಗೂ. ‘ನನ್ನ ನಾಯಿಯನ್ನು ನಾನೇ ಕೊಲ್ಲಬೇಕಿತ್ತು, ಬೇರೆಯವರ ಕೈಗೆ ಕೊಡಬಾರದಿತ್ತು’ ಎಂದು ಕ್ಯಾಂಡಿ ಜಾರ್ಜ್ ಮುಂದೆ ಹೇಳಿಕೊಳ್ಳುವುದು ಈ ಎರಡು ಸಾವುಗಳ ನಡುವೆ. ಇಂಥ ಜೋಡಿಗಳಲ್ಲಿ ಒಂದನ್ನು ನೀವೇ ಕಂಡುಕೊಂಡರೂ ಪ್ರಬಂಧದ ಅರ್ಧ ಕೆಲಸ ಆದಂತೆ.

ನಾಲ್ಕನೇ ಹಂತ: ಭಾವನೆಯಿಂದ ವಾದಕ್ಕೆ

ಐದು ಗುರುತುಗಳಲ್ಲಿ ಒಂದನ್ನು ಹಿಡಿದು ‘ಯಾಕೆ’ ಎಂದು ಮೂರು ಸಲ ಕೇಳಿ. ‘ಕೊನೆಯಲ್ಲಿ ಜಾರ್ಜ್ ಮೇಲೆ ಸಿಟ್ಟು ಬಂತು’ ಎಂಬುದನ್ನೇ ತೆಗೆದುಕೊಳ್ಳೋಣ. ಯಾಕೆ? ಕೊಂದದ್ದಕ್ಕೆ ಎಂಬುದು ಮೊದಲ ಉತ್ತರ. ಪುಟಕ್ಕೆ ಮರಳಿ ನೋಡಿದರೆ ಸಿಟ್ಟು ಬಂದ ಜಾಗ ಅದಲ್ಲ. ಉಳಿದವರೆಲ್ಲ ಓಡಿ ಬಂದ ಮೇಲೆ ಕಾರ್ಲ್‌ಸನ್ ಕೇಳುತ್ತಾನೆ: ಪಿಸ್ತೂಲು ಲೆನ್ನಿ ಬಳಿ ಇತ್ತೇ, ನೀನು ಕಿತ್ತುಕೊಂಡು ಹೊಡೆದೆಯಾ? ಜಾರ್ಜ್ ಹೌದು ಎನ್ನುತ್ತಾನೆ. ಸಿಟ್ಟು ಬಂದದ್ದು ಆ ‘ಹೌದು’ಗೆ. ಯಾಕೆ? ಅದು ಸುಳ್ಳು. ಆದರೆ ಜಾರ್ಜ್ ಸುಳ್ಳು ಹೇಳುವುದು ಇದೇ ಮೊದಲಲ್ಲವಲ್ಲ, ಮೊದಲಿನದಕ್ಕೆ ಯಾಕೆ ಸಿಟ್ಟು ಬರಲಿಲ್ಲ?

ಈ ಮೂರನೇ ಪ್ರಶ್ನೆ ನಿಮ್ಮನ್ನು ಪುಸ್ತಕದ ಉದ್ದಕ್ಕೂ ಓಡಾಡಿಸುತ್ತದೆ. ಎರಡನೇ ಭಾಗದಲ್ಲಿ ಜಾರ್ಜ್ ಯಜಮಾನನಿಗೆ ಲೆನ್ನಿ ನನ್ನ ಸೋದರಸಂಬಂಧಿ, ಚಿಕ್ಕಂದಿನಲ್ಲಿ ಕುದುರೆ ತಲೆಗೆ ಒದೆಯಿತು ಎನ್ನುತ್ತಾನೆ. ಎರಡೂ ಸುಳ್ಳು. ಐದನೇ ಭಾಗದಲ್ಲಿ, ಸ್ವಂತ ಜಮೀನಿನ ಕನಸು ಈಡೇರುವುದಿಲ್ಲವೆಂದು ತನಗೆ ಮೊದಲಿನಿಂದಲೂ ಗೊತ್ತಿತ್ತೇನೋ, ಲೆನ್ನಿಗೆ ಕೇಳುವ ಆಸೆ ಇದ್ದದ್ದರಿಂದ ತಾನೂ ನಂಬತೊಡಗಿದೆ ಎಂಬರ್ಥದ ಮಾತು ಕ್ಯಾಂಡಿಯ ಮುಂದೆ ಅವನ ಬಾಯಿಂದ ಬರುತ್ತದೆ. ಈಗ ವಾದ ತಾನಾಗಿ ರೂಪ ಪಡೆಯುತ್ತದೆ: ‘ಜಾರ್ಜ್ ಹೇಳುವ ಸುಳ್ಳುಗಳಿಂದಲೇ ಈ ಸ್ನೇಹ ಬದುಕಿದೆ, ಕೊನೆಯ ಸುಳ್ಳು ನನ್ನನ್ನು ಕೆರಳಿಸಿದ್ದು ಅದು ಲೆನ್ನಿಯನ್ನು ಕಾಯದೆ, ಜಾರ್ಜ್‌ನನ್ನು ಮಾತ್ರ ಕಾಯುವುದರಿಂದ.’

ವಾದದ ವಾಕ್ಯವನ್ನು ಮೂರು ರೀತಿ ಪರೀಕ್ಷಿಸಿ. ಪುಸ್ತಕ ಓದಿದ ಇನ್ನೊಬ್ಬರು ಇದನ್ನು ಒಪ್ಪದಿರಲು ಸಾಧ್ಯವೇ? ‘ಜಾರ್ಜ್ ಒಳ್ಳೆಯ ಸ್ನೇಹಿತ’ ಎಂಬುದಕ್ಕೆ ಯಾರೂ ಜಗಳ ತೆಗೆಯುವುದಿಲ್ಲ, ಆದ್ದರಿಂದ ಅದು ವಾದವಲ್ಲ. ಕನಿಷ್ಠ ಮೂರು ಬೇರೆ ಬೇರೆ ಭಾಗಗಳಿಂದ ಆಧಾರ ಸಿಗುತ್ತದೆಯೇ? ಒಂದೇ ದೃಶ್ಯಕ್ಕೆ ಜೋತುಬಿದ್ದ ವಾದ ಎರಡನೇ ಪ್ಯಾರಾದಲ್ಲಿ ಉಸಿರು ಕಳೆದುಕೊಳ್ಳುತ್ತದೆ. ಪುಸ್ತಕದ ಹೆಸರು ತೆಗೆದು ಬೇರೆ ಕಾದಂಬರಿಯ ಹೆಸರು ಹಾಕಿದರೂ ವಾಕ್ಯ ನಿಲ್ಲುತ್ತದೆಯೇ? ನಿಂತರೆ ಅದು ಈ ಪುಸ್ತಕದ ಬಗ್ಗೆ ಏನನ್ನೂ ಹೇಳುತ್ತಿಲ್ಲ.

ಸುಳ್ಳುಗಳ ದಾರಿ ಒಂದು ಮಾತ್ರ. ಹಣದ ದಾರಿಯೂ ಇದೆ. ಜಮೀನಿನ ಬೆಲೆ 600 ಡಾಲರ್. ಗೆಳೆಯರಿಬ್ಬರು ತಿಂಗಳಿಡೀ ದುಡಿದು ಒಂದು ಕಾಸೂ ಖರ್ಚು ಮಾಡದಿದ್ದರೆ 100 ಡಾಲರ್. ಕ್ಯಾಂಡಿ 350 ಡಾಲರ್ ಹಾಕುತ್ತೇನೆ ಎಂದಾಗ ಮೊದಲ ಬಾರಿಗೆ ಕನಸು ಲೆಕ್ಕವಾಗುತ್ತದೆ. ಅದರಲ್ಲಿ 250 ಡಾಲರ್ ಅವನು ಕೈ ಕಳೆದುಕೊಂಡದ್ದಕ್ಕೆ ಸಿಕ್ಕ ಪರಿಹಾರ. ಅಂಥ ಹಣದಿಂದ ಸ್ನೇಹದೊಳಗೆ ಬರುವ ಮೂರನೆಯವನನ್ನು ಸ್ನೇಹಿತ ಎನ್ನಬೇಕೇ, ಪಾಲುದಾರ ಎನ್ನಬೇಕೇ? ಒಂದು ಒಳ್ಳೆಯ ಪ್ರಬಂಧಕ್ಕೆ ಈ ಪ್ರಶ್ನೆ ಸಾಕು.

ಐದನೇ ಹಂತ: 800 ಪದಗಳನ್ನು ಹಂಚುವುದು

ಸಾಮಾನ್ಯವಾಗಿ ಕೇಳುವ ಅಳತೆ 800 ಪದ ಎಂದಿಟ್ಟುಕೊಳ್ಳೋಣ. ಆರಂಭಕ್ಕೆ 100. ಮೂರು ಮುಖ್ಯ ಪ್ಯಾರಾಗಳಿಗೆ 150ರಂತೆ 450. ನಿಮ್ಮ ವಾದಕ್ಕೆ ಎದುರಾಗುವ ಮಾತಿಗೆ 150. ಮುಕ್ತಾಯಕ್ಕೆ 100. ಕಥಾಸಾರಕ್ಕೆ ಪ್ರತ್ಯೇಕ ಜಾಗವಿಲ್ಲ ಎಂಬುದನ್ನು ಗಮನಿಸಿ. ಓದುವವರಿಗೆ ಪುಸ್ತಕ ಗೊತ್ತಿದೆ ಎಂದುಕೊಂಡು ಬರೆಯಿರಿ. ಪ್ರತಿ ಪ್ಯಾರಾದಲ್ಲಿ ಆ ಕ್ಷಣ ಯಾವುದೆಂದು ಗೊತ್ತಾಗಲು ಒಂದು ವಾಕ್ಯ ಸಾಕು. ಇಡೀ ಪ್ರಬಂಧದಲ್ಲಿ ಕಥೆ ಹೇಳುವ ವಾಕ್ಯಗಳೆಲ್ಲ ಸೇರಿ 100 ಪದ ದಾಟಿದರೆ ಕತ್ತರಿ ಹಾಕಿ.

ಪ್ಯಾರಾಗಳ ಕ್ರಮ ಕಥೆಯ ಕ್ರಮವೇ ಆಗಬೇಕಿಲ್ಲ. ಸುಳ್ಳುಗಳ ಪ್ರಬಂಧದಲ್ಲಿ ಕಾರ್ಲ್‌ಸನ್‌ಗೆ ಹೇಳಿದ ಸುಳ್ಳನ್ನು ಮೊದಲಿಟ್ಟು, ಅಲ್ಲಿಂದ ಹಿಂದೆ ಹೋದರೆ ಬರಹ ಬಿಗಿಯಾಗುತ್ತದೆ. ಕಥೆಯ ಕ್ರಮದಲ್ಲೇ ಹೋದವರು ಗೊತ್ತಿಲ್ಲದೆ ಕಥಾಸಾರಕ್ಕೆ ಜಾರುತ್ತಾರೆ.

ಆರನೇ ಹಂತ: ಒಂದು ಪ್ಯಾರಾ ಕಟ್ಟುವುದು

ಮೊದಲ ಕರಡಿನಲ್ಲಿ ಸಾಮಾನ್ಯವಾಗಿ ಬರುವ ಪ್ಯಾರಾ ಹೀಗಿರುತ್ತದೆ:

‘ಜಾರ್ಜ್ ಮತ್ತು ಲೆನ್ನಿಯ ಸ್ನೇಹ ನನ್ನ ಮನಸ್ಸನ್ನು ಮುಟ್ಟಿತು. ಜಾರ್ಜ್ ಲೆನ್ನಿಯನ್ನು ತುಂಬಾ ಪ್ರೀತಿಸುತ್ತಿದ್ದ. ಅವನಿಗಾಗಿ ಏನು ಬೇಕಾದರೂ ಮಾಡಲು ಸಿದ್ಧನಿದ್ದ. ಕೊನೆಗೆ ತನ್ನ ಕೈಯಾರೆ ಕೊಲ್ಲಬೇಕಾಗಿ ಬಂದದ್ದು ಬಹಳ ದುಃಖಕರ. ನಿಜವಾದ ಸ್ನೇಹ ಎಂದರೆ ತ್ಯಾಗ ಎಂದು ನನಗೆ ಅರ್ಥವಾಯಿತು.’

ಇದರಲ್ಲಿ ವ್ಯಾಕರಣದ ತಪ್ಪಿಲ್ಲ, ಭಾವನೆಯೂ ಸುಳ್ಳಲ್ಲ. ಆದರೆ ಒಂದೂ ಜಾಗವಿಲ್ಲ, ಒಂದೂ ಕ್ಷಣವಿಲ್ಲ. ‘ಏನು ಬೇಕಾದರೂ’ ಎಂದರೆ ಏನು? ಅದೇ ವಿದ್ಯಾರ್ಥಿ ಮರು ಓದಿನ ನಂತರ ಬರೆಯಬಹುದಾದದ್ದು:

‘ಯಜಮಾನನ ಮುಂದೆ ಜಾರ್ಜ್ ಲೆನ್ನಿಯನ್ನು ಸೋದರಸಂಬಂಧಿ ಎಂದಾಗ ನಾನು ಅವನ ಪರವಾಗಿದ್ದೆ. ಆ ಸುಳ್ಳಿನಿಂದ ಯಾರಿಗೂ ನಷ್ಟವಿಲ್ಲ, ಲೆನ್ನಿಗೆ ಕೆಲಸ ಸಿಗುತ್ತದೆ. ಕಾರ್ಲ್‌ಸನ್‌ಗೆ ಹೇಳಿದ ಸುಳ್ಳಿನಲ್ಲಿ ಮಾತ್ರ ನನಗೆ ಅವನ ಪರ ನಿಲ್ಲಲಾಗಲಿಲ್ಲ. ಅಲ್ಲಿ ಕಥೆ ಕಟ್ಟುವವನು ಕಾರ್ಲ್‌ಸನ್, ಜಾರ್ಜ್ ಹೂಂಗುಟ್ಟುತ್ತಾನಷ್ಟೆ. ಮೃದುವಾದದ್ದನ್ನು ಸವರಬೇಕೆಂಬ ಆಸೆಯೊಂದೇ ಇದ್ದ ಲೆನ್ನಿ, ಆ ಒಂದು ಹೂಂಕಾರದಿಂದ ಪಿಸ್ತೂಲು ಕದ್ದು ಎದುರು ನಿಂತವನಾಗಿಬಿಟ್ಟ. ಅವನನ್ನು ಬಲ್ಲವನು ಜಾರ್ಜ್ ಒಬ್ಬನೇ. ಆ ಒಬ್ಬನೂ ಅವನನ್ನು ಬೇರೆಯವರು ಕಂಡ ಹಾಗೆಯೇ ಬಿಟ್ಟುಕೊಟ್ಟನಲ್ಲ ಎಂಬುದು ನನ್ನ ಸಿಟ್ಟು.’

ಎರಡನೆಯದು ಹೇಗೆ ನಿಂತಿದೆ ನೋಡಿ. ಮೊದಲು ಓದುಗನ ನಿಲುವು, ಆಮೇಲೆ ಪುಸ್ತಕದ ಕ್ಷಣ, ಆ ಕ್ಷಣದಲ್ಲಿ ಕಣ್ಣಿಗೆ ಬಿದ್ದ ಒಂದು ಸೂಕ್ಷ್ಮ (ಕಥೆ ಕಟ್ಟುವವನು ಕಾರ್ಲ್‌ಸನ್), ಅದರಿಂದ ಏನಾಯಿತು, ಕಡೆಗೆ ಭಾವನೆ. ‘ಸಿಟ್ಟು’ ಎಂಬ ಪದ ಕೊನೆಯ ವಾಕ್ಯದಲ್ಲಿ ಒಂದೇ ಸಲ ಬಂದಿದೆ. ಆ ಹೊತ್ತಿಗೆ ಓದುವವರಿಗೂ ಸ್ವಲ್ಪ ಸಿಟ್ಟು ಬಂದಿರುತ್ತದೆ.

ಪುಸ್ತಕದ ಮಾತನ್ನು ಯಥಾವತ್ತಾಗಿ ಉಲ್ಲೇಖಿಸುವುದಾದರೆ ಹತ್ತರಿಂದ ಇಪ್ಪತ್ತು ಪದ ಸಾಕು, ಪ್ಯಾರಾಗೆ ಒಂದೇ. ಆವೃತ್ತಿಯಿಂದ ಆವೃತ್ತಿಗೆ ಪುಟಸಂಖ್ಯೆ ಬದಲಾಗುವುದರಿಂದ ಭಾಗದ ಸಂಖ್ಯೆಯನ್ನೂ ಕೊಡಿ. ಉಲ್ಲೇಖ ಮುಗಿದ ತಕ್ಷಣ ಅದರಲ್ಲಿನ ಒಂದು ಪದ ಅಥವಾ ಒಂದು ಚಲನೆಯ ಬಗ್ಗೆ ನೀವು ಮಾತಾಡಬೇಕು. ‘ಇದರಿಂದ ಅವರ ಸ್ನೇಹ ಎಷ್ಟು ಗಾಢ ಎಂದು ತಿಳಿಯುತ್ತದೆ’ ಎಂದಷ್ಟೇ ಸೇರಿಸಿದರೆ ಉಲ್ಲೇಖ ವ್ಯರ್ಥ.

ಏಳನೇ ಹಂತ: ಸ್ವಂತ ಬದುಕು ಎಷ್ಟು ಬರಬೇಕು

ವೈಯಕ್ತಿಕ ಎಂದ ಮಾತ್ರಕ್ಕೆ ಆತ್ಮಕಥೆ ಬೇಕಿಲ್ಲ. ಸ್ವಂತ ಅನುಭವ ಒಂದೂ ಇಲ್ಲದೆ, ‘ನಾನು ಹೀಗೆ ಓದಿದೆ’ ಎಂಬಷ್ಟರಿಂದಲೇ ಪೂರ್ಣ ಸ್ಪಂದನೆ ಬರೆಯಬಹುದು. ಅನುಭವ ತರುವುದಾದರೆ 800 ಪದದಲ್ಲಿ 100 ಮೀರದಿರಲಿ, ಒಂದೇ ಘಟನೆ ಇರಲಿ. ಆ ಅನುಭವದಿಂದ ಪುಸ್ತಕದಲ್ಲಿ ನಿಮಗೆ ಕಾಣದಿದ್ದ ಏನಾದರೂ ಕಾಣಿಸಿತೇ? ಹೌದಾದರೆ ಮಾತ್ರ ಇಡಿ. ‘ನನಗೂ ಜಾರ್ಜ್‌ನಂಥ ಗೆಳೆಯನಿದ್ದಾನೆ’ ಎಂಬುದು ಏನನ್ನೂ ಕಾಣಿಸುವುದಿಲ್ಲ. ‘ಗೆಳತಿಯ ತಪ್ಪನ್ನು ಮುಚ್ಚಲು ಸುಳ್ಳು ಹೇಳಿದಾಗ ನನಗಾದ ಸಮಾಧಾನದಲ್ಲಿ ಸ್ವಲ್ಪ ಅಧಿಕಾರದ ರುಚಿಯೂ ಇತ್ತು’ ಎಂದು ಬರೆದವರು ಜಾರ್ಜ್‌ನನ್ನು ಹೊಸದಾಗಿ ನೋಡಲು ಶುರುಮಾಡಿದ್ದಾರೆ.

ಆ ನೋಟ ಸೀದಾ ಮೂರನೇ ಭಾಗದ ಒಂದು ಮಾತುಕತೆಗೆ ಕರೆದೊಯ್ಯುತ್ತದೆ. ಜಮೀನಿನಲ್ಲಿ ಎಲ್ಲರೂ ಗೌರವಿಸುವ ಕೆಲಸಗಾರ ಸ್ಲಿಮ್ ಎದುರು ಜಾರ್ಜ್ ಹೇಳಿಕೊಳ್ಳುತ್ತಾನೆ: ಹಿಂದೆ ನಾನು ಲೆನ್ನಿಯನ್ನು ಆಟದ ಗೊಂಬೆ ಮಾಡಿಕೊಂಡಿದ್ದೆ. ಒಮ್ಮೆ ಜನರೆದುರು ಸ್ಯಾಕ್ರಮೆಂಟೊ ನದಿಗೆ ಹಾರು ಎಂದೆ. ಈಜಲು ಬಾರದ ಲೆನ್ನಿ ಹಾರಿಯೇಬಿಟ್ಟ, ಮುಳುಗಿಹೋಗುತ್ತಿದ್ದ. ಎಳೆದು ಹಾಕಿದ ಮೇಲೆ, ಹಾರಲು ಹೇಳಿದವನು ನಾನೇ ಎಂಬುದನ್ನೂ ಮರೆತು ನನಗೇ ಕೃತಜ್ಞನಾಗಿದ್ದ. ಅಂಥದ್ದನ್ನು ಅಂದಿಗೇ ಬಿಟ್ಟೆ. ಈ ಸ್ನೇಹದ ಅಡಿಪಾಯದಲ್ಲಿ ಒಂದು ಕ್ರೌರ್ಯವಿದೆ, ಅದರ ಪಶ್ಚಾತ್ತಾಪವಿದೆ. ಹೊಗಳಿಕೆಯ ಭರದಲ್ಲಿ ಬರೆಯುವವರು ಈ ಪುಟವನ್ನು ಬಿಟ್ಟುಬಿಡುತ್ತಾರೆ. ನಮ್ಮ ದೃಷ್ಟಿಯಲ್ಲಿ ಇಡೀ ಕಾದಂಬರಿಯಲ್ಲಿ ಸ್ನೇಹದ ಬಗ್ಗೆ ಇದಕ್ಕಿಂತ ಸತ್ಯವಾದ ಪುಟ ಇನ್ನೊಂದಿಲ್ಲ.

ನಿಜವಾದ ಗೆಳೆಯರ ಬಗ್ಗೆ ಬರೆಯುವಾಗ ಹೆಸರು, ಗುರುತು ಹಿಡಿಯಬಹುದಾದ ವಿವರ ಬಿಡಿ. ಅವರು ಓದಿದರೆ ನೊಂದುಕೊಳ್ಳುವಂತಿದ್ದರೆ ಆ ಘಟನೆಯನ್ನೇ ಬಿಡಿ.

ಎಂಟನೇ ಹಂತ: ಎದುರು ಮಾತಿಗೆ ಜಾಗ

ನಿಮ್ಮ ವಾದಕ್ಕೆ ಪುಸ್ತಕದೊಳಗೇ ಎದುರು ಮಾತಿರುತ್ತದೆ. ಅದನ್ನು ನೀವೇ ಎತ್ತಿ. ‘ಕೊನೆಯ ಸುಳ್ಳು ಜಾರ್ಜ್‌ನನ್ನು ಮಾತ್ರ ಕಾಯುತ್ತದೆ’ ಎಂಬುದಕ್ಕೆ ಎದುರಾಗಿ ಸ್ಲಿಮ್ ಇದ್ದಾನೆ. ನಡೆದದ್ದನ್ನು ಅವನು ಊಹಿಸಿದ್ದಾನೆ. ಬೇರೆ ದಾರಿಯಿರಲಿಲ್ಲ ಎಂದು ಜಾರ್ಜ್‌ಗೆ ಹೇಳಿ ಕರೆದುಕೊಂಡು ಹೋಗುತ್ತಾನೆ. ಅಂದರೆ ಸತ್ಯ ಪೂರ್ತಿ ಹೂತುಹೋಗಲಿಲ್ಲ. ಇದನ್ನು ಒಪ್ಪಿಕೊಂಡ ಮೇಲೂ ನಿಮ್ಮ ವಾದ ಎಷ್ಟು ಉಳಿಯುತ್ತದೆ ಎಂದು ಬರೆಯಿರಿ. ಸ್ವಲ್ಪ ಬದಲಾದರೆ ಬದಲಾಗಲಿ. ವಾದ ಬದಲಾದ ಪ್ರಬಂಧ ಜಿಗುಟು ಪ್ರಬಂಧಕ್ಕಿಂತ ಮೇಲು.

ಇನ್ನೊಂದು ಎದುರು ಮಾತು ಹೆಚ್ಚು ಆಳದ್ದು. ಇದು ಸ್ನೇಹವೇ, ಪಾಲನೆಯೇ? ನಿರ್ಧಾರಗಳೆಲ್ಲ ಒಬ್ಬನದೇ ಆಗಿದ್ದರೆ, ಇನ್ನೊಬ್ಬನ ಪ್ರಾಣದವರೆಗೆ, ಅದನ್ನು ಸ್ನೇಹ ಎನ್ನಬಹುದೇ? ಈ ಪ್ರಶ್ನೆ ಎತ್ತದೆ ಬರೆದ ಸ್ಪಂದನೆ ಅರ್ಧದಲ್ಲಿ ನಿಂತಂತೆ. ಜೊತೆಗೆ, ಸ್ನೇಹದ ವೃತ್ತದ ಹೊರಗೆ ಯಾರಿದ್ದಾರೆ ಎಂದು ನೋಡಿ. ಕರಿಯನೆಂಬ ಕಾರಣಕ್ಕೆ ಕುದುರೆಸಾಮಾನಿನ ಕೋಣೆಯಲ್ಲಿ ಒಂಟಿಯಾಗಿ ಮಲಗುವ ಕ್ರುಕ್ಸ್ ನಾಲ್ಕನೇ ಭಾಗದಲ್ಲಿ ಕೆಲವು ನಿಮಿಷ ಆ ಕನಸಿಗೆ ಸೇರುತ್ತಾನೆ. ಯಜಮಾನನ ಮಗ ಕರ್ಲಿಯ ಹೆಂಡತಿ ಬೆದರಿಕೆ ಹಾಕಿದ ಮೇಲೆ ತಾನಾಗಿಯೇ ಹಿಂದೆ ಸರಿಯುತ್ತಾನೆ. ಆ ಹೆಂಗಸಿಗೆ ಇಡೀ ಪುಸ್ತಕದಲ್ಲಿ ಹೆಸರೇ ಇಲ್ಲ. ಒಂದು ಸ್ನೇಹದ ಕಥೆ ಯಾರನ್ನು ಹೊರಗಿಟ್ಟು ನಡೆಯುತ್ತದೆ ಎಂಬುದೂ ಸ್ಪಂದನೆಯ ವಿಷಯವೇ. ಕ್ರುಕ್ಸ್‌ನನ್ನು ಅವಮಾನಿಸಲು ಪಾತ್ರಗಳು ಬಳಸುವ ಪದವನ್ನು ನಿಮ್ಮ ಬರಹದಲ್ಲಿ ಮರಳಿ ಬರೆಯುವ ಅಗತ್ಯವಿಲ್ಲ; ‘ಜನಾಂಗೀಯ ನಿಂದನೆ’ ಎಂದರೆ ಸಾಕು.

ಒಂಬತ್ತನೇ ಹಂತ: ಆರಂಭ ಮತ್ತು ಮುಕ್ತಾಯ, ಕೊನೆಗೆ ಬರೆಯಿರಿ

ಮೊದಲ ಪ್ಯಾರಾವನ್ನು ಎಲ್ಲ ಮುಗಿದ ಮೇಲೆ ಬರೆಯಿರಿ. ‘ಸ್ನೇಹ ಎಂಬುದು ಮಾನವ ಜೀವನದ ಅಮೂಲ್ಯ ಸಂಪತ್ತು’ ಎಂದು ಶುರುಮಾಡಬೇಡಿ. ಪುಸ್ತಕದ ಒಂದು ಕ್ಷಣದಿಂದ ಶುರುಮಾಡಿ, ನಾಲ್ಕನೇ ವಾಕ್ಯದ ಹೊತ್ತಿಗೆ ವಾದ ಹೇಳಿಬಿಡಿ. ಪುಸ್ತಕದ ಹೆಸರು, ಲೇಖಕರ ಹೆಸರು, ಪ್ರಕಟಣೆಯ ವರ್ಷ ಆ ಪ್ಯಾರಾದಲ್ಲೇ ಬರಲಿ.

ಮುಕ್ತಾಯದಲ್ಲಿ ಹೇಳಿದ್ದನ್ನೇ ಮತ್ತೆ ಹೇಳಬೇಡಿ, ನೀತಿಪಾಠವೂ ಬೇಡ. ಬರೆಯುತ್ತಾ ಬರೆಯುತ್ತಾ ನಿಮ್ಮ ಓದು ಎಲ್ಲಿ ಬದಲಾಯಿತು ಅಥವಾ ಯಾವ ಪ್ರಶ್ನೆ ಇನ್ನೂ ಬಿಡಿಸಲಾಗಿಲ್ಲ ಎಂಬುದನ್ನು ನೇರವಾಗಿ ಬರೆಯಿರಿ. ಕಾದಂಬರಿಯ ಕೊನೆಯ ಮಾತೇ ಒಂದು ಪ್ರಶ್ನೆ: ಹೊರಟುಹೋಗುವ ಸ್ಲಿಮ್ ಮತ್ತು ಜಾರ್ಜ್ ಕಡೆ ನೋಡುತ್ತಾ, ಅವರಿಬ್ಬರಿಗೆ ಏನಾಗಿದೆ ಎಂದು ಕಾರ್ಲ್‌ಸನ್ ಕೇಳುತ್ತಾನೆ. ಅವನಿಗೆ ಉತ್ತರಿಸುವುದಾದರೆ ನೀವೇನು ಹೇಳುತ್ತೀರಿ ಎಂದು ಯೋಚಿಸಿ; ಮುಕ್ತಾಯಕ್ಕೆ ಬೇಕಾದ ಎರಡು ಮೂರು ವಾಕ್ಯ ಅಲ್ಲೇ ಸಿಗುತ್ತವೆ.

ಹತ್ತನೇ ಹಂತ: ತಿದ್ದುವುದು

ಕರಡು ಮುಗಿಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಎರಡು ಬಣ್ಣದ ಪೆನ್ನು ಹಿಡಿದು ಕೂತುಕೊಳ್ಳಿ. ಕಥೆ ಹೇಳುವ ವಾಕ್ಯಗಳಿಗೆ ಒಂದು ಬಣ್ಣದಲ್ಲಿ, ನಿಮ್ಮ ಓದನ್ನು ಹೇಳುವ ವಾಕ್ಯಗಳಿಗೆ ಇನ್ನೊಂದರಲ್ಲಿ ಅಡಿಗೆರೆ ಎಳೆಯಿರಿ. ಮೊದಲ ಬಣ್ಣದ ಮೂರು ವಾಕ್ಯ ಸಾಲಾಗಿ ಬಂದಲ್ಲೆಲ್ಲ ಕಥಾಸಾರ ನುಸುಳಿದೆ, ಒಂದಕ್ಕೆ ಇಳಿಸಿ. ಎರಡನೇ ಬಣ್ಣದ ನಾಲ್ಕು ವಾಕ್ಯ ಸಾಲಾಗಿದ್ದರೆ ಪುಸ್ತಕ ಕೈತಪ್ಪಿದೆ. ನಡುವೆ ಒಂದು ಕ್ಷಣ ತನ್ನಿ.

ಆಮೇಲೆ ಗಟ್ಟಿಯಾಗಿ ಓದಿ. ‘ತುಂಬಾ’, ‘ಬಹಳ’, ‘ಅತ್ಯಂತ’, ‘ನಿಜಕ್ಕೂ’ ಇವುಗಳಲ್ಲಿ ಹತ್ತಕ್ಕೆ ಎಂಟು ತೆಗೆದರೂ ವಾಕ್ಯಕ್ಕೆ ನಷ್ಟವಿಲ್ಲ. ‘ನನಗೆ ಅನಿಸುತ್ತದೆ’ ಪ್ರತಿ ವಾಕ್ಯದಲ್ಲೂ ಬೇಡ, ಇಡೀ ಬರಹ ನಿಮ್ಮದೇ ಅನಿಸಿಕೆ ಎಂಬುದು ಗೊತ್ತೇ ಇದೆ. ನಿಮಗೆ ಅನುಮಾನವಿರುವ ಜಾಗದಲ್ಲಿ ಮಾತ್ರ ಬಳಸಿ, ಆಗ ಅದಕ್ಕೆ ಬೆಲೆ ಬರುತ್ತದೆ. ಕಾದಂಬರಿಯ ಘಟನೆಗಳನ್ನು ವರ್ತಮಾನ ಕಾಲದಲ್ಲಿ, ನಿಮ್ಮ ಓದಿನ ಅನುಭವವನ್ನು ಭೂತಕಾಲದಲ್ಲಿ ಇಟ್ಟರೆ ಎರಡೂ ಕಲಸಿಹೋಗುವುದಿಲ್ಲ. ಪಾತ್ರಗಳ ಹೆಸರು ಎಲ್ಲ ಕಡೆ ಒಂದೇ ಕಾಗುಣಿತದಲ್ಲಿವೆಯೇ ನೋಡಿ. ಕರ್ಲಿ, ಕಾರ್ಲ್‌ಸನ್, ಕ್ಯಾಂಡಿ, ಕ್ರುಕ್ಸ್ ನಾಲ್ಕೂ ‘ಕ’ಕಾರದವು, ಒಬ್ಬರ ಮಾತನ್ನು ಇನ್ನೊಬ್ಬರ ಬಾಯಿಗೆ ಹಾಕುವ ತಪ್ಪು ಇಲ್ಲಿ ಸುಲಭವಾಗಿ ಆಗುತ್ತದೆ.

ಅಳತೆ ಬದಲಾದರೆ

500 ಪದಕ್ಕೆ ಇಳಿಸಬೇಕಾದರೆ ಮುಖ್ಯ ಪ್ಯಾರಾಗಳನ್ನು ಮೂರರಿಂದ ಎರಡು ಮಾಡಿ, ಸ್ವಂತ ಅನುಭವವನ್ನು ಪೂರ್ತಿ ಬಿಡಿ. ಎದುರು ಮಾತನ್ನು ಮಾತ್ರ ಬಿಡಬೇಡಿ, ಮೂರು ವಾಕ್ಯಕ್ಕಾದರೂ ಇರಲಿ. 1500 ಪದಕ್ಕೆ ಹಿಗ್ಗಿಸಬೇಕಾದರೆ ಹೊಸ ದೃಶ್ಯಗಳನ್ನು ಪೇರಿಸುವುದಕ್ಕಿಂತ, ಇರುವ ಮೂರರಲ್ಲಿ ಒಂದನ್ನು ಸಾಲು ಸಾಲಾಗಿ ಓದಿ ವಿಸ್ತರಿಸಿ. ನಾಯಿ ಸಾಯುವ ರಾತ್ರಿಯ ಮೌನಗಳನ್ನು ಒಂದೊಂದಾಗಿ ಹಿಡಿದು, ಪ್ರತಿ ಮೌನವನ್ನು ಯಾರು, ಯಾವ ಮಾತಿನಿಂದ ಮುರಿಯುತ್ತಾರೆ ಎಂದು ನೋಡುತ್ತಾ ಹೋದರೆ 400 ಪದ ಸುಲಭವಾಗಿ ತುಂಬುತ್ತದೆ.